ಐದನೇ ಕ್ಲಾಸಿನ ಗುಂಡಿ ಎರಡನೇ ಕ್ಲಾಸಲ್ಲಿತ್ತು

2023ರ ಜೂನ್ ಮೊದಲನೇ ವಾರ ಅತಿಥಿ ಶಿಕ್ಷಕಿ ಅಂತ ಆರ್ಡರ್ ಬಂತು. ತಿಂಗಳಿಗೆ 10,000 ಗೌರವಧನ, ಅದೂ ಯಾವಾಗ ಕೈಗೆ ಬರುತ್ತೋ ದೇವ್ರೇ ಬಲ್ಲ, ಆದ್ರೂ ಡಿ.ಎಡ್ ಅಂತ ಟೀಚರ್ ಟ್ರೈನಿಂಗ್ ಮುಗಿಸಿ ಎಂಟು ವರ್ಷ ಮನೇಲಿ ಕೂತಿದ್ದೋಳಿಗೆ ಅದೇ ದೊಡ್ಡದು ಅನ್ನಿಸ್ತು. ಹಾಸನ ಜಿಲ್ಲೆ ಆಲೂರು ಕಡೆ ಒಂದು ಸಣ್ಣ ಹಳ್ಳಿ, ಸುತ್ತ ಜೋಳ, ಶುಂಠಿ. ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದು, ಒಟ್ಟು 24 ಮಕ್ಕಳು, ಎರಡು ರೂಮು, ಒಬ್ರೇ ಮೇಷ್ಟ್ರು. ಇನ್ನೊಬ್ರು ಟೀಚರ್ ವರ್ಗಾವಣೆ ತಗೊಂಡು ಹೋಗಿದ್ರು, ಆ ಜಾಗಕ್ಕೆ ನಾನು.

ಹೋದ ಎರಡನೇ ದಿನವೇ ಮೇಷ್ಟ್ರು ಒಂದು ಫೈಲ್ ಕೈಗೆ ಕೊಟ್ಟು "ನಾಲ್ಕು ಐದು ನಿಂದು ಕಣಮ್ಮ, ಸೇತುಬಂಧ ಶುರು ಮಾಡು, ನಂಗೆ ಇವತ್ತು ಬಿಆರ್‌ಸಿಲಿ ಮೀಟಿಂಗು" ಅಂತ ಗಾಡಿ ಹತ್ತಿ ಹೊರಟೇಬಿಟ್ರು. ಬಿಆರ್‌ಸಿ ಅಂದ್ರೆ ತಾಲ್ಲೂಕಿನ ಶಾಲೆಗಳ ಸಂಪನ್ಮೂಲ ಕೇಂದ್ರ. ಸೇತುಬಂಧ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಶಾಲೆ ಶುರುವಾದ ಕೂಡ್ಲೇ ಹೊಸ ಪಾಠ ಮಾಡೋ ಹಂಗಿಲ್ಲ, ಮಗು ಹಿಂದಿನ ಕ್ಲಾಸಲ್ಲಿ ಏನು ಕಲ್ತಿರಬೇಕಿತ್ತೋ ಅದು ಇದೆಯಾ ಅಂತ ಮೊದ್ಲು ನೋಡ್ಬೇಕು, ಅದಕ್ಕೆ ನೈದಾನಿಕ ಪರೀಕ್ಷೆ ಅಂತಾರೆ, ಆಮೇಲೆ ಇಲ್ಲದ್ದನ್ನ ಒಂದೆರಡು ವಾರ ಕಲಿಸಿ ಕೊನೇಗೆ ಸಾಫಲ್ಯ ಪರೀಕ್ಷೆ ಮಾಡಿ ಅದರ ಲೆಕ್ಕ ಮೇಲಿನೋರಿಗೆ ಕಳಿಸ್ಬೇಕು. ಪ್ರತಿ ಕ್ಲಾಸಿಗೂ ಬುನಾದಿ ಸಾಮರ್ಥ್ಯಗಳು ಅಂತ ಒಂದು ಪಟ್ಟಿ ಇರುತ್ತೆ. ನಾಲ್ಕನೇ ಕ್ಲಾಸಿಗೆ ಬಂದ ಮಗೂಗೆ ಮೂರನೇದು ಬರ್ಬೇಕು, ಐದಕ್ಕೆ ಬಂದ ಮಗೂಗೆ ನಾಲ್ಕನೇದು. ಪೇಪರ್ ಮೇಲೆ ಎಷ್ಟು ಚೆನ್ನಾಗಿದೆ ಅಲ್ವಾ.

ನಾನು ರಾತ್ರಿಯೆಲ್ಲ ಕೂತು ಪ್ರಶ್ನೆ ಪತ್ರಿಕೆ ಮಾಡ್ದೆ, ಕನ್ನಡ 20 ಮಾರ್ಕ್ಸು, ಗಣಿತ 20 ಮಾರ್ಕ್ಸು, ಡಿ.ಎಡ್‌ನಲ್ಲಿ ಕಲ್ತಿದ್ದನ್ನೆಲ್ಲ ಹಾಕಿ ಬ್ಲೂಪ್ರಿಂಟ್ ಬೇರೆ ಬರ್ದಿದ್ದೆ. ಮಾರನೇ ದಿನ ಹನ್ನೊಂದು ಮಕ್ಕಳಿಗೆ ಕೊಟ್ಟೆ, ನಾಲ್ಕನೇ ಕ್ಲಾಸಿನ ಆರು ಜನ, ಐದನೇದು ಐದು. ಒಂದು ಗಂಟೆ ಆದ್ಮೇಲೆ ನೋಡಿದ್ರೆ ನಾಲ್ಕನೇ ಕ್ಲಾಸಿನ ಮೂರು ಪೇಪರಲ್ಲಿ ಹೆಸರು ಬಿಟ್ರೆ ಏನೂ ಇಲ್ಲ. ಒಬ್ಬ ಪ್ರಶ್ನೆಗಳನ್ನೇ ಮುದ್ದಾಗಿ ನಕಲು ಮಾಡಿದ್ದ, ಪ್ರಶ್ನಾರ್ಥಕ ಚಿಹ್ನೆ ಸಮೇತ. ನಂಗೆ ಅಳು ಬಂದ್ಬಿಡ್ತು, ನಿಜ ಹೇಳ್ಬೇಕು ಅಂದ್ರೆ ಸಿಟ್ಟೂ ಬಂತು, ಇವ್ರು ನಾಲ್ಕನೇ ಕ್ಲಾಸಾ ಅಂತ.

ಸಂಜೆ ಮೇಷ್ಟ್ರು ಬಂದ್ರು, ಪೇಪರ್ ತೋರಿಸಿದೆ. ಅವ್ರು ಏನೂ ಗಾಬರಿ ಆಗ್ಲಿಲ್ಲ. "ಓದಕ್ಕೆ ಬರದೇ ಇರೋ ಮಗೂಗೆ ಬರೆಯೋ ಪರೀಕ್ಷೆ ಕೊಟ್ರೆ ಅದಕ್ಕೆ ಏನು ಬರುತ್ತೆ ಅಂತ ನಿಂಗೆ ಹೆಂಗೆ ಗೊತ್ತಾಗುತ್ತಮ್ಮ? ಪೇಪರ್ ಎತ್ತಿಡು. ಒಬ್ಬೊಬ್ರನ್ನೇ ಹತ್ರ ಕೂರಿಸ್ಕೊಂಡು ಓದ್ಸು" ಅಂದ್ರು. ಅವ್ರ ಬೀರುವಲ್ಲಿ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಇತ್ತು, ಅಸರ್ ಸರ್ವೆಯೋರು ಮನೆಮನೆಗೆ ಹೋಗಿ ಮಕ್ಕಳ ಓದು ನೋಡ್ತಾರಲ್ಲ, ಆ ಥರದ್ದು. ಒಂದು ಮೂಲೇಲಿ ಬಿಡಿ ಅಕ್ಷರಗಳು, ಇನ್ನೊಂದರಲ್ಲಿ ಸರಳ ಪದ, ಆಮೇಲೆ ನಾಲ್ಕು ಸಾಲಿನ ಒಂದನೇ ಕ್ಲಾಸ್ ಮಟ್ಟದ ಪ್ಯಾರಾ, ಆಮೇಲೆ ಎರಡನೇ ಕ್ಲಾಸ್ ಮಟ್ಟದ ಒಂದು ಚಿಕ್ಕ ಕತೆ. ಮಗು ಎಲ್ಲಿಗೆ ನಿಲ್ಲುತ್ತೋ ಅದೇ ಅದರ ಮಟ್ಟ, ಅಷ್ಟೇ. ಹಿಂದುಗಡೆ ಗಣಿತದ್ದು, ಒಂದರಿಂದ ಒಂಬತ್ತು, ಎರಡಂಕಿ ಸಂಖ್ಯೆ, ದಶಕ ಬಿಡಿಸಿ ಕಳೆಯೋದು, ಮೂರಂಕಿನ ಒಂದಂಕಿಯಿಂದ ಭಾಗಿಸೋದು.

ಬೇವಿನ ಮರದ ಕೆಳಗೆ ಒಂದು ಚಾಪೆ ಹಾಕ್ಕೊಂಡು ಕೂತೆ. ಮಗುವಿಗೆ ಹತ್ತು ನಿಮಿಷ ಅನ್ಕೊಂಡಿದ್ದೆ, ಕೆಲವ್ರಿಗೆ ಅರ್ಧ ಗಂಟೆ ಆಯ್ತು, ಮೂರು ದಿನ ಹಿಡೀತು. ಆದ್ರೆ ಆ ಮೂರು ದಿನದಲ್ಲಿ ಕಲ್ತಷ್ಟು ನಾನು ಎರಡು ವರ್ಷದ ಡಿ.ಎಡ್‌ನಲ್ಲೂ ಕಲ್ತಿಲ್ಲ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ, ಬಾಯಿ ಜೋರು, ಮೂರನೇ ಕ್ಲಾಸಿನ ಪುಸ್ತಕ ಕೊಟ್ಟೆ, ಪಟಪಟ ಅಂತ ಓದ್ದ. ಅಬ್ಬ ಒಬ್ಬನಾದ್ರೂ ಸಿಕ್ಕಿದ ಅನ್ನೋಷ್ಟ್ರಲ್ಲಿ ಅವನ ಬೆರಳು ನೋಡ್ದೆ, ಬಾಯಿ ಮೂರನೇ ಸಾಲಲ್ಲಿದೆ, ಬೆರಳು ಇನ್ನೂ ಮೊದಲನೇ ಸಾಲಲ್ಲಿದೆ. ಸುತ್ತ ಎಲ್ಲ ಕೈಯಲ್ಲಿ ಮುಚ್ಚಿ ಮಧ್ಯದ ಒಂದೇ ಪದ ತೋರಿಸಿ ಇದೇನು ಅಂದೆ. ಅವ್ನು ಮತ್ತೆ ಮೊದಲಿಂದ ಮನಸ್ಸಲ್ಲೇ ಹೇಳ್ಕೊಂಡು ಬಂದು, ಆ ಪದ ಬರೋ ಜಾಗಕ್ಕೆ ನಿಲ್ಸಕ್ಕೆ ನೋಡ್ದ. ಪೂರ್ತಿ ಪಾಠ ಬಾಯಿಪಾಠ! ಅಷ್ಟು ನೆನಪಿನ ಶಕ್ತಿ ಇರೋ ಹುಡುಗನಿಗೆ 'ಪ' ಮತ್ತೆ 'ವ' ವ್ಯತ್ಯಾಸ ಗೊತ್ತಿರ್ಲಿಲ್ಲ. ಇಷ್ಟು ದಿನ ಕ್ಲಾಸಲ್ಲಿ ಎಲ್ಲ ಒಟ್ಟಿಗೆ ಓದೋವಾಗ ಅವನ ದನೀನೇ ಎಲ್ಲರಿಗಿಂತ ಮುಂದೆ ಇದ್ದಿರುತ್ತೆ, ಯಾರಿಗೆ ಅನುಮಾನ ಬರುತ್ತೆ ಹೇಳಿ.

ಆಮೇಲೆ ಒಂದು ವಿಚಿತ್ರ ಕಾಣ್ತು. ಸುಮ್ನೆ ಕುತೂಹಲಕ್ಕೆ ನಲಿ-ಕಲಿ ರೂಮಿಗೂ (ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕೂತು ಕಾರ್ಡ್ ಇಟ್ಕೊಂಡು ಕಲಿಯೋ ರೂಮು) ಹೋಗಿ ಎರಡನೇ ಮತ್ತು ಮೂರನೇ ಕ್ಲಾಸಿನ ಮಕ್ಕಳಿಗೂ ಅದೇ ಹಾಳೆ ಓದ್ಸಿದೆ. ಎರಡನೇ ಕ್ಲಾಸಿನ ಮಕ್ಕಳು ಮೂರನೇಯವ್ರಿಗಿಂತ ಚೆನ್ನಾಗಿ ಓದ್ತಿದಾರೆ! ನಾನೇ ಏನೋ ತಪ್ಪು ಮಾಡಿದೆ ಅನ್ಕೊಂಡು ಇನ್ನೊಂದ್ಸಲ ಓದ್ಸಿದೆ, ಹಂಗೇ ಬಂತು. ಮೇಷ್ಟ್ರ ಹತ್ರ ಹೇಳ್ದೆ. ಅವ್ರು ಹಾಜರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ನಲ್ಲಿ ವರ್ಷ ಬರ್ಕೊಂಡು ಹೋದ್ರು. 2020ರ ಮಾರ್ಚಲ್ಲಿ ಕೊರೊನಾ ಬಂದು ಶಾಲೆ ಮುಚ್ತು. 2020-21 ಇಡೀ ವರ್ಷ ಒಂದರಿಂದ ಐದರ ಮಕ್ಕಳಿಗೆ ಶಾಲೆ ಬಾಗಿಲು ತೆಗೀಲೇ ಇಲ್ಲ, ವಿದ್ಯಾಗಮ ಅಂತ ಸ್ವಲ್ಪ ದಿನ ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದ್ದು ಬಿಟ್ರೆ. ಮತ್ತೆ ಬಾಗಿಲು ತೆಗ್ದಿದ್ದು 2021ರ ಅಕ್ಟೋಬರ್ 25ಕ್ಕೆ. ಅದರ ಮುಂದಿನ ವರ್ಷ ಕಲಿಕಾ ಚೇತರಿಕೆ ಅಂತ ಮಾಡಿ ಮೇ 16ಕ್ಕೇ ಶಾಲೆ ಶುರು ಮಾಡಿದ್ರು. ಈಗ ಲೆಕ್ಕ ಹಾಕಿ, ಈ ನಾಲ್ಕನೇ ಕ್ಲಾಸಿನೋರ ಒಂದನೇ ಕ್ಲಾಸೇ ನಡೆದಿಲ್ಲ. ಐದನೇಯವ್ರ ಎರಡನೇ ಕ್ಲಾಸು ನಡೆದಿಲ್ಲ. ಮೂರನೇಯವ್ರಿಗೆ ಒಂದನೇ ಕ್ಲಾಸು ಅರ್ಧ ವರ್ಷ ಸಿಕ್ಕಿದೆ. ಎರಡನೇಯವ್ರಿಗೆ ಪೂರ್ತಿ ಸಿಕ್ಕಿದೆ.

ಅಂದ್ರೆ ಮಕ್ಕಳು ದಡ್ಡರಲ್ಲ, ರಜ ಎಲ್ಲಿ ಬಿತ್ತೋ ಅಲ್ಲೇ ಗುಂಡಿ ಬಿದ್ದಿದೆ, ಅದರ ಮೇಲೆ ಗೋಡೆ ಕಟ್ಕೊಂಡು ಬಂದಿದೀವಿ ಅಷ್ಟೆ. ಮತ್ತೆ ನನ್ನ ಸೇತುಬಂಧದ ಪಟ್ಟಿ ಏನ್ ಹೇಳುತ್ತೆ? ನಾಲ್ಕನೇ ಕ್ಲಾಸಿನೋರಿಗೆ ಮೂರನೇದು ನೋಡಿ ಅನ್ನುತ್ತೆ. ಗುಂಡಿ ಇರೋದು ಒಂದರಲ್ಲಿ! ಒಂದು ಮೆಟ್ಟಿಲು ಕೆಳಗೆ ನೋಡಿದ್ರೆ ಕಾಣೋದೇ ಇಲ್ಲ ಅದು.

ಐದನೇ ಕ್ಲಾಸಿನ ಮಕ್ಕಳದ್ದು ಬೇರೆ ಥರ. ಅವ್ರಿಗೆ ಅಕ್ಷರ ಬರುತ್ತೆ, ಕಾಗುಣಿತ ಬರುತ್ತೆ, ಯಾಕಂದ್ರೆ ಅವ್ರ ಒಂದನೇ ಕ್ಲಾಸು ಬಹುತೇಕ ಮುಗಿದಿತ್ತು. ಒತ್ತಕ್ಷರ ಬಂದ ಕೂಡ್ಲೇ ಕುಂಟೋರು. ಒತ್ತಿದ್ರೂ ಓದಲ್ಲ, ಹಾರ್ಸಿಬಿಡೋರು, 'ಹಳ್ಳಿ'ನ 'ಹಳಿ' ಅನ್ನೋರು, 'ಹಣ್ಣು' ಹೋಗಿ 'ಹಣು' ಆಗೋದು. ಉಕ್ತಲೇಖನದಲ್ಲಿ 'ಅಜ್ಜಿ ಕತೆ ಹೇಳಿದಳು' ಅಂದ್ರೆ ಒಬ್ಬಳು ಉಲ್ಟಾ ಹುಷಾರಾಗಿ 'ಅಜ್ಜಿ ಕತ್ತೆ ಹೇಳಿದಳು' ಅಂತ ಬರ್ದಿದ್ಲು, ಎಲ್ರೂ ಬಿದ್ದು ಬಿದ್ದು ನಕ್ವಿ, ಅವಳೂ ನಕ್ಕಳು. ನಾನು ಆಗ ಕೂತು ಗಮನಿಸ್ದೆ, ಮಕ್ಕಳು ಎಲ್ಲ ಒತ್ತಿಗೂ ತಪ್ಪಲ್ಲ. ಕ ಒತ್ತು, ಪ ಒತ್ತು, ಳ ಒತ್ತು ಇವೆಲ್ಲ ಅಕ್ಷರದ ಥರಾನೇ ಇರ್ತವೆ, ತಲೆಕಟ್ಟು ಮಾತ್ರ ಇರಲ್ಲ, ಒಂದ್ಸಲ ಹೇಳಿದ್ರೆ ಹಿಡ್ಕೋತಾರೆ. ತ ನ ಮ ಯ ರ ಲ, ಈ ಆರರ ಒತ್ತು ಮೂಲ ಅಕ್ಷರದ ಥರ ಇಲ್ವೇ ಇಲ್ಲ. ಇವುಗಳನ್ನ ಬೇರೇನೇ ಕಲಿಸ್ಬೇಕು. ನಾವು ದೊಡ್ಡೋರಿಗೆ ಇದು ಕಣ್ಣಿಗೇ ಬೀಳಲ್ಲ, ವರ್ಷಗಟ್ಟಲೆ ಓದಿದ್ದೀವಿ ಅಲ್ವಾ. ಅರ್ಕಾವತ್ತು ಅಂತೂ ಇನ್ನೊಂದು ಕತೆ, ಮೊದ್ಲು ಹೇಳೋ ರ ಆಮೇಲೆ ಬರೀಬೇಕು, 'ಸೂರ್ಯ' ಬರೀರಿ ಅಂದ್ರೆ ಐದು ಜನ ಐದು ಥರ ಬರೆದ್ರು.

ಇನ್ನೊಂದು. ನಮ್ಮ ಕಡೆ ಹಳ್ಳೀಲಿ ಹ-ಕಾರ ಬಾಯಲ್ಲಿ ನಿಲ್ಲಲ್ಲ, ಆಲು, ಅಳ್ಳಿ, ಆಸ್ನ. ನಾವು 'ಹಾಲು' ಅಂತ ಹೇಳಿದ್ರೆ ಮಗು 'ಆಲು' ಅಂತಾನೇ ಬರಿಯುತ್ತೆ. ಮೊದಲು ಅದನ್ನೂ ತಪ್ಪು ಅಂತ ಕೆಂಪು ಇಂಕಲ್ಲಿ ಗೀಚ್ತಿದ್ದೆ. ಆಮೇಲೆ ಯೋಚ್ನೆ ಮಾಡಿದ್ರೆ, ಮಗು ತಾನು ಕೇಳಿದ ಸದ್ದಿಗೆ ಸರಿಯಾದ ಅಕ್ಷರಾನೇ ಹಾಕಿದೆಯಲ್ಲ, ಅಂದ್ರೆ ಅಕ್ಷರ ಜ್ಞಾನ ಗಟ್ಟಿ ಇದೆ ಅಂತ ಅರ್ಥ. 'ಹಾಲು' ಬರೆಯೋದು ನಿಧಾನಕ್ಕೆ ಬರುತ್ತೆ. 'ಹಳಿ' ಬರೆದೋನೂ 'ಅಳ್ಳಿ' ಬರೆದೋನೂ ಒಂದೇ ಅಲ್ಲ, ಮಾರ್ಕ್ಸ್ ಮಾತ್ರ ಇಬ್ರಿಗೂ ಸೊನ್ನೆ.

ಗಣಿತಕ್ಕೆ ಬರ್ತೀನಿ, ಅದು ಇನ್ನೂ ಮಜಾ. ನೂರಾ ಐದು ಬರೀರಿ ಅಂದ್ರೆ ಹನ್ನೊಂದರಲ್ಲಿ ಏಳು ಜನ 1005 ಬರೆದ್ರು. ಕೇಳಿದ್ರೆ ನ್ಯಾಯವಾಗೇ ಹೇಳ್ತಾರೆ, ನೂರು ಅಂದ್ರೆ 100, ಐದು ಅಂದ್ರೆ 5, ಎರಡೂ ಬರ್ದೆ ಮಿಸ್ ಅಂತ. 52ರಲ್ಲಿ 27 ಕಳಿ ಅಂದ್ರೆ 35. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ, ದೊಡ್ಡದ್ರಲ್ಲಿ ಚಿಕ್ಕದು ಅಂತ ನೀವೇ ಹೇಳ್ಕೊಟ್ಟಿದ್ದು ಅಲ್ವಾ. ಐದನೇ ಕ್ಲಾಸಿನ ಜಾಣೆ ಒಬ್ಬಳು, ಭಾಗಾಕಾರ ಬರುತ್ತೆ ಮಿಸ್ ಅಂತ ಹೆಮ್ಮೆಯಿಂದ ಬಂದ್ಲು, 612ನ 6ರಿಂದ ಭಾಗಿಸು ಅಂದೆ, 12 ಅಂದ್ಲು. ಆರನೇ ಮಗ್ಗಿ ಸೊಗಸಾಗಿ ಬರುತ್ತೆ ಅವಳಿಗೆ. ಮಧ್ಯದ ಸೊನ್ನೆ ಎಲ್ಲಿ ಹೋಯ್ತು ಅಂದ್ರೆ ಗೊತ್ತಿಲ್ಲ. 600 ರೂಪಾಯಿ ಆರು ಜನಕ್ಕೆ ಹಂಚಿದ್ರೆ ಒಬ್ಬರಿಗೆ ಎಷ್ಟು ಅಂದ್ರೆ 100 ಅಂತ ಥಟ್ಟಂತ ಹೇಳ್ತಾಳೆ, ಮತ್ತೆ 612 ಹಂಚಿದ್ರೆ 12 ಹೆಂಗೆ ಬರುತ್ತೆ ಅಂದಾಗ ತಾನೇ ಬಾಯಿ ಮೇಲೆ ಕೈ ಇಟ್ಕೊಂಡ್ಲು.

1005 ಆಗ್ಲಿ 35 ಆಗ್ಲಿ 12 ಆಗ್ಲಿ, ಮೂರೂ ಬೇರೆ ಬೇರೆ ಕ್ಲಾಸಿನ ತಪ್ಪು ಥರ ಕಾಣ್ತವೆ, ಮೂರಕ್ಕೂ ಬೇರು ಒಂದೇ, ಸ್ಥಾನಬೆಲೆ. ಎರಡನೇ ಕ್ಲಾಸಿನ ವಿಷಯ ಅದು. ಭಾಗಾಕಾರ ಬರಲ್ಲ ಅಂತ ಭಾಗಾಕಾರಾನೇ ತಿರುಗಿ ತಿರುಗಿ ಹೇಳ್ಕೊಟ್ರೆ ವರ್ಷ ಪೂರ್ತಿ ಅದೇ ಆಗುತ್ತೆ.

ಅದಕ್ಕೆ ಒಂದಿನ ಅಡುಗೆ ಅಕ್ಕನ ಹೊಸ ಕಡ್ಡಿ ಪೊರಕೆ ಬಿಚ್ಚಿದೆ. ಕೇಳದೇ ತಗೊಂಡಿದ್ದು ತಪ್ಪೇ. ಕಡ್ಡಿ ಚೂರು ಮಾಡಿ ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸ್ದೆ, ಕಟ್ಟು ಅಂದ್ರೆ ದಶಕ, ಬಿಡಿ ಕಡ್ಡಿ ಅಂದ್ರೆ ಬಿಡಿ. ಕಟ್ಟು ಕಟ್ಟೋದ್ರಲ್ಲೇ ಎರಡು ದಿನ ಹೋಯ್ತು, ಅಷ್ಟು ಖುಷಿ ಮಕ್ಕಳಿಗೆ. ಆಮೇಲೆ 52 ಕಡ್ಡಿ ಕೊಟ್ಟು 27 ವಾಪಸ್ ಕೊಡು ಅಂದೆ, ಡೇರಿಗೆ ದಿನಾ ಹಾಲು ಹಾಕಿ ಬರೋ ಹುಡುಗ ಒಬ್ಬ ಇದಾನೆ, ಅವನಿಗೆ. ಅವ್ನು ಎರಡು ಕಟ್ಟು ಕೊಟ್ಟ. ಎರಡು ಬಿಡಿ ಕಡ್ಡಿ ಕೊಟ್ಟ. ಇನ್ನೂ ಐದು ಬೇಕು. ಕಟ್ಟು ನೋಡ್ತಾನೆ, ನನ್ನ ಮುಖ ನೋಡ್ತಾನೆ. ಸುಮಾರು ಹೊತ್ತು ಆದ್ಮೇಲೆ ಕಳ್ಳನ ಥರ ಮೆಲ್ಲಗೆ ಕೇಳ್ದ, "ಬಿಚ್ಚಬೋದಾ ಮಿಸ್?"

ಅಷ್ಟೇ ಕಣ್ರೀ ವಿಷಯ. ಅವನಿಗೆ ಮೂರು ವರ್ಷದಿಂದ 'ಪಕ್ಕದ ಮನೆಯಿಂದ ಸಾಲ ತಗೋ' ಅಂತ ಹೇಳ್ಕೊಟ್ಟಿದಾರೆ, ಯಾವ ಮನೆ, ಯಾಕೆ ಸಾಲ, ವಾಪಸ್ ಯಾವಾಗ ಕೊಡೋದು ಒಂದೂ ಅರ್ಥ ಆಗಿರ್ಲಿಲ್ಲ. ತನ್ನ ಹತ್ರ ಇರೋ ಕಟ್ಟನ್ನೇ ಬಿಚ್ಚಬೋದು ಅಂತ ಯಾರೂ ಹೇಳಿರ್ಲಿಲ್ಲ. ಅವತ್ತಿಂದ ನಾನು ಸಾಲ ಅನ್ನೋ ಪದಾನೇ ಬಿಟ್ಟೆ, ಬಿಚ್ಚು ಅಂತೀನಿ.

ಈ ನಡುವೆ ಜೂನ್ ಮೂರನೇ ವಾರ ಒಬ್ಬಳು ಹುಡುಗಿ ಬಂದ್ಲು. ಯಾದಗಿರಿ ಕಡೆಯವ್ರು, ಅಪ್ಪ ಅಮ್ಮ ಶುಂಠಿ ಹೊಲದ ಕೆಲಸಕ್ಕೆ ಬಂದು ಅಲ್ಲೇ ಶೆಡ್ ಹಾಕ್ಕೊಂಡಿದ್ರು. ವಯಸ್ಸು ಒಂಬತ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ಸರಿಯಾದ ಕ್ಲಾಸಿಗೇ ಸೇರಿಸ್ಬೇಕು, ಅಂದ್ರೆ ನಾಲ್ಕು. ಹಾಳೆ ಮುಂದೆ ಇಟ್ಟೆ. ಅಕ್ಷರ ನೋಡಿ "ಬರಂಗಿಲ್ರಿ ಟೀಚರ್" ಅಂದ್ಲು. ತನ್ನ ಹೆಸರಿನ ಅಕ್ಷರ ಬಿಟ್ರೆ ಒಂದೂ ಇಲ್ಲ. ಆದ್ರೆ ಬಾಯಿ ಲೆಕ್ಕ ಕೇಳಿ, ಅಪ್ಪಂದು ಎಷ್ಟು ದಿನದ ಕೂಲಿ ಬಾಕಿ ಇದೆ, ಮುಂಗಡ ಎಷ್ಟು ಮುರ್ಕೊಂಡ್ರು, ಎಲ್ಲ ಹೇಳ್ತಾಳೆ. ನಾಲ್ಕನೇ ಕ್ಲಾಸಿನ ಬೇರೆ ಯಾರಿಗೂ ಅಷ್ಟು ಬರಲ್ಲ. ಅವಳನ್ನ ಯಾವ ಕ್ಲಾಸು ಅನ್ನೋಣ ಈಗ?

ನಾನು ತಿಳುವಳಿಕೆ ಇಲ್ದೆ ಅವಳನ್ನ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸ್ದೆ. "ನಾ ಸಣ್ಣವ್ರ ಜೋಡಿ ಕುಂದ್ರಂಗಿಲ್ರಿ" ಅಂತ ಎದ್ದು ಹೋದೋಳು ಮಾರನೇ ದಿನ ಬರ್ಲೇ ಇಲ್ಲ. ಮೇಷ್ಟ್ರು ಶೆಡ್ಡಿಗೆ ಹೋಗಿ ಕರ್ಕೊಂಡು ಬಂದ್ರು. ನಂಗೆ ಬೈಲಿಲ್ಲ, ಒಂದು ಉಪಾಯ ಮಾಡಿದ್ರು, ನಲಿ-ಕಲಿ ಕಾರ್ಡು ಹಂಚೋ ಕೆಲಸ ಅವಳಿಗೆ ಕೊಟ್ರು. ಮಕ್ಕಳು ಕಾರ್ಡ್ ಕೇಳ್ತಾರೆ, ಇವಳು ಹುಡುಕಿ ಕೊಡ್ಬೇಕು, ಹುಡುಕ್ಬೇಕು ಅಂದ್ರೆ ಅಕ್ಷರ ಗೊತ್ತಿರ್ಬೇಕು. ನಲಿ-ಕಲಿಲಿ ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಮೊದ್ಲು. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ಪದ್ಧತಿ ಇದು. ಮೊದ್ಲು ನಂಗೆ ತಲೆಬುಡ ಅರ್ಥ ಆಗಿರ್ಲಿಲ್ಲ, ನಮ್ಮಮ್ಮನಿಗೆ ಹೇಳಿದ್ರೆ ಇದೆಂಥ ಓದು ಅಂತ ಬೈದಿದ್ರು. ಆದ್ರೆ ಆ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದ್ಬೋದು ನೋಡಿ. ಒಂಬತ್ತು ವರ್ಷದ ಹುಡುಗಿಗೆ ನಾಲ್ಕನೇ ದಿನವೇ ಪದ ಓದಿದೆ ಅನ್ನೋ ಖುಷಿ ಸಿಕ್ತು, ಅದು ವರ್ಣಮಾಲೆ ಪೂರ್ತಿ ಮುಗಿಯೋವರೆಗೆ ಕಾದಿದ್ರೆ ಸಿಗ್ತಿರ್ಲಿಲ್ಲ. 'ಗರಗಸ' ಓದಿ "ನಮ್ಮ ಕಾಕಾನ ಹತ್ರ ಐತ್ರಿ" ಅಂದ್ಲು.

ಹದಿನೈದು ದಿನ ಆಯ್ತು, ಸಾಫಲ್ಯ ಪರೀಕ್ಷೆ ಬಂತು. ಹದಿನೈದು ದಿನದಲ್ಲಿ ಎರಡು ವರ್ಷದ ಗುಂಡಿ ತುಂಬುತ್ತಾ? ಮೊದಲಿನ ಹನ್ನೊಂದು ಮಕ್ಕಳಲ್ಲಿ ನಾಲ್ಕು ಜನ ಒಂದು ಮೆಟ್ಟಿಲು ಮೇಲೆ ಬಂದಿದ್ರು, ಉಳಿದೋರು ಇದ್ದಲ್ಲೇ ಇದ್ರು, ಸ್ವಲ್ಪ ಧೈರ್ಯ ಬಂದಿತ್ತು ಅಷ್ಟೆ. ಅದನ್ನೇ ಬರ್ದೆ. ಮೇಲಿಂದ ಒಬ್ರು ಫೋನ್ ಮಾಡಿ, ಏನ್ ಮೇಡಂ ಪ್ರಗತೀನೇ ಇಲ್ವಲ್ಲ, ಬೇರೆ ಶಾಲೆಯೋರೆಲ್ಲ ಶೇಕಡಾ ತೊಂಬತ್ತು ಹಾಕಿದಾರೆ, ನೋಡಿ ಸ್ವಲ್ಪ ಅಂದ್ರು. ನೋಡಿ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ನಾನು ಹೊಸಬಳು, ಹೆದ್ರಿಕೆ, ಇಬ್ರಿಗೆ ಎರಡೆರಡು ಮಾರ್ಕ್ಸ್ ಜಾಸ್ತಿ ಮಾಡ್ದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಆ ಇಬ್ಬರ ಮುಖ ನೋಡಿದಾಗೆಲ್ಲ ಅದೇ ನೆನಪು. ಯಾಕಂದ್ರೆ ಮುಂದಿನ ವರ್ಷದ ಟೀಚರ್ ಆ ಮಾರ್ಕ್ಸ್ ನಂಬಿ ಇವ್ರಿಗೆ ಬರುತ್ತೆ ಅನ್ಕೋತಾರೆ, ಮತ್ತೆ ಅದರ ಮೇಲೆ ಗೋಡೆ ಕಟ್ತಾರೆ. ಆಗ ನಮ್ಮಲ್ಲಿ ಯಾರನ್ನೂ ಫೇಲ್ ಮಾಡೋ ಹಂಗಿರ್ಲಿಲ್ಲ, ಅದು ಸರೀನೇ, ಫೇಲ್ ಮಾಡಿದ್ರೆ ಶಾಲೆ ಬಿಡೋರು ಜಾಸ್ತಿ ಆಗ್ತಾರೆ, ಆದ್ರೆ ಫೇಲ್ ಮಾಡದೇ ಇರೋದಕ್ಕೂ ಬರುತ್ತೆ ಅಂತ ಬರ್ದು ಕಳಿಸೋದಕ್ಕೂ ವ್ಯತ್ಯಾಸ ಇದೆ ತಾನೆ.

ಫಾರ್ಮ್ಯಾಟ್ ಹೋದ್ಮೇಲೆ ನಾವು ಸೇತುಬಂಧ ನಿಲ್ಲಿಸ್ಲಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆ ಆಗಿ ಹಾಲು ಕುಡಿದ್ಮೇಲೆ ಮುಕ್ಕಾಲು ಗಂಟೆ ಕ್ಲಾಸ್ ಲೆಕ್ಕವೇ ಇಲ್ಲ, ಅಕ್ಷರದೋರು ಒಂದು ಕಡೆ, ಪದದೋರು ಒಂದು ಕಡೆ, ಒತ್ತಿನೋರು ಒಂದು ಕಡೆ. ಎರಡನೇ ಕ್ಲಾಸಿನ ಪುಟ್ಟಿ ಒಬ್ಬಳು ಐದನೇಯವ್ರ ಜೊತೆ ಒತ್ತಿನ ಗುಂಪಲ್ಲಿ ಕೂತು ಎಲ್ಲರಿಗೂ ಕಾಟ ಕೊಡ್ತಿದ್ಲು. ಬಾಯಿಪಾಠದ ಹುಡುಗನಿಗೆ ನಾನು ಅವನೇ ಹೇಳಿದ ಮಾತನ್ನ ಬರ್ದು ಓದ್ಸೋಕೆ ಶುರು ಮಾಡ್ದೆ, ನೆನ್ನೆ ನಮ್ಮ ಎಮ್ಮೆ ಕರು ಹಾಕ್ತು ಅಂದ್ರೆ ಅದನ್ನೇ ಬೋರ್ಡ್ ಮೇಲೆ ಬರ್ದು, ಪದ ಪದ ಚೀಟಿ ಮಾಡಿ, ಕಲಸಿ, ಜೋಡಿಸು ಅಂತ. ಚೀಟಿ ಕಲಸಿದ್ರೆ ಬಾಯಿಪಾಠ ನಡೆಯಲ್ಲ ನೋಡಿ.

ಒಂದನೇ ಕ್ಲಾಸಿನ ನಾಲ್ಕು ಮಕ್ಕಳ ಬಗ್ಗೆ ಹೇಳ್ಲಿಲ್ಲ. ಮೂರು ಅಂಗನವಾಡಿಯಿಂದ ಬಂದೋರು, ಒಂದು ಟೌನಲ್ಲಿ ಎಲ್‌ಕೆಜಿ ಯುಕೆಜಿ ಮಾಡಿ ಫೀಸ್ ಕಟ್ಟಕ್ಕಾಗದೆ ಇಲ್ಲಿ ಬಂದಿದ್ದು. ಆ ಮಗು ನೂರರವರೆಗೆ ನಿಲ್ಲಿಸದೆ ಹೇಳುತ್ತೆ, ಎಬಿಸಿಡಿ ಬರಿಯುತ್ತೆ. ಹುಣಸೆ ಬೀಜದ ಡಬ್ಬಿ ಕೊಟ್ಟು ಏಳು ಬೀಜ ಕೊಡು ಅಂದ್ರೆ ಒಂದು ಹಿಡಿ ತೆಗೆದು ಕೊಡ್ತು. ಅಂಗನವಾಡಿ ಮಗು ಇಪ್ಪತ್ತರ ಮೇಲೆ ಎಣಿಸಲ್ಲ, ಆದ್ರೆ ಏಳು ಅಂದ್ರೆ ಏಳೇ ಕೊಡ್ತು. 'ಮರ, ಮನೆ, ಮಳೆ' ಇವುಕ್ಕೆಲ್ಲ ಶುರುಗೆ ಯಾವ ಸದ್ದು ಅಂದ್ರೆ 'ಮ' ಅಂತು. ನನ್ನ ಮಟ್ಟಿಗೆ ಒಂದನೇ ಕ್ಲಾಸಿನ ಬಾಗಿಲಲ್ಲಿ ನೋಡ್ಬೇಕಾದ್ದು ಇಷ್ಟೇ, ಹತ್ತರೊಳಗೆ ಎಣಿಸಿ ಕೊಡುತ್ತಾ, ಸದ್ದು ಗುರುತಿಸುತ್ತಾ, ಒಂದು ಕತೆ ಕೂತು ಕೇಳುತ್ತಾ, ಒಂದಕ್ಕೆ ಹೋಗ್ಬೇಕು ಅನ್ನಿಸಿದ್ರೆ ಬಾಯಿ ಬಿಟ್ಟು ಹೇಳುತ್ತಾ. ಬರೆಯೋದು ಬೇಕಿಲ್ಲ. ಆ ಪುಟ್ಟ ಬೆರಳಿಗೆ ಪೆನ್ಸಿಲ್ ಹಿಡಿಸಿ ಕಾಪಿ ರೈಟಿಂಗ್ ಮಾಡ್ಸೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರ್ಬೇಕು ಅಂದ್ರೆ ಅಪ್ಪ ಅಮ್ಮಂದಿರು ಒಂದು ವರ್ಷ ವೇಸ್ಟ್ ಅಂತ ಗಲಾಟೆ ಮಾಡ್ತಾರೆ. ನಾನಂತೂ ಆರು ತುಂಬಿರೋ ಮಗೂನೇ ಕಳಿಸಿ ಅಂತೀನಿ.

ಆಗಸ್ಟ್ ಹದಿನೈದಕ್ಕೆ ಧ್ವಜಾರೋಹಣ ಮುಗಿದ್ಮೇಲೆ ಪೋಷಕರ ಜೊತೆ ಕೂತ್ವಿ. ಆ ಡೇರಿ ಹುಡುಗನ ತಾಯಿ ಎದ್ದು ಕೇಳಿದ್ರು, "ಮಿಸ್ಸು, ನಾವು ಓದಿಲ್ಲ. ಯಾವ ಕ್ಲಾಸಿಗೆ ಏನು ಬರ್ಬೇಕು ಅಂತ ನಮಗೆ ಹೆಂಗೆ ತಿಳೀಬೇಕು? ನೀವು ಪಾಸು ಅಂತೀರ, ನಾವು ಹೂಂ ಅಂತೀವಿ." ನ್ಯಾಯವಾದ ಮಾತು. ಗೋಡೆ ಮೇಲೆ ನಿಪುಣ್ ಭಾರತ್ ಪೋಸ್ಟರ್ ಇತ್ತು, ಸಣ್ಣ ಮಕ್ಕಳ ಓದು-ಲೆಕ್ಕ ಗಟ್ಟಿ ಮಾಡೋಕೆ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಯೋಜನೆ, ಅದರಲ್ಲಿ ಕ್ಲಾಸ್ ಕ್ಲಾಸಿಗೆ ಗುರಿ ಇದೆ. ಅದನ್ನೇ ನನ್ನ ಭಾಷೇಲಿ ಹೇಳ್ದೆ. ಒಂದನೇ ಕ್ಲಾಸ್ ಮುಗಿಸಿ ಎರಡಕ್ಕೆ ಬರೋ ಮಗು ನಾಲ್ಕೈದು ಸುಲಭ ಪದ ಇರೋ ಚಿಕ್ಕ ವಾಕ್ಯ ಓದ್ಬೇಕು, ತಾನು ಮುಂಚೆ ನೋಡಿರದ ವಾಕ್ಯ ಆಗಿರ್ಬೇಕು, ಪಾಠದ್ದಲ್ಲ. 99ರವರೆಗೆ ಓದಿ ಬರೀಬೇಕು, ಚಿಕ್ಕ ಕೂಡೋದು ಕಳೆಯೋದು ಬರ್ಬೇಕು. ಮೂರಕ್ಕೆ ಬರೋ ಮಗು ಅರ್ಥ ಮಾಡ್ಕೊಂಡು ನಿಮಿಷಕ್ಕೆ 45ರಿಂದ 60 ಪದ, 999ರವರೆಗೆ ಸಂಖ್ಯೆ, 99ರೊಳಗೆ ಕಳೆಯೋದು. ನಾಲ್ಕಕ್ಕೆ ಬರೋ ಮಗು ಕಡಿಮೆ ಅಂದ್ರೂ 60 ಪದ, 9999ರವರೆಗೆ, ಸುಲಭದ ಗುಣಾಕಾರ. ಅಲ್ಲಿಗೆ ಆ ಪೋಸ್ಟರ್ ಮುಗಿಯುತ್ತೆ. ಐದಕ್ಕೆ ಬರೋ ಮಗೂಗೆ ನಂದೇ ಲೆಕ್ಕ ಹೇಳ್ದೆ, ನ್ಯೂಸ್ ಪೇಪರಿನ ಮಕ್ಕಳ ಪುಟದ ಒಂದು ಪ್ಯಾರಾ ಓದಿ ಏನಿದೆ ಅಂತ ಸ್ವಂತ ಮಾತಲ್ಲಿ ಹೇಳ್ಬೇಕು, ಐದು ವಾಕ್ಯ ತಾನೇ ಬರೀಬೇಕು, ಗಡಿಯಾರ ನೋಡ್ಬೇಕು, ಮೂರಂಕಿನ ಒಂದಂಕಿಯಿಂದ ಭಾಗಿಸ್ಬೇಕು, ಅರ್ಧ ಕಾಲು ಗೊತ್ತಿರ್ಬೇಕು.

"ನಿಮಿಷಕ್ಕೆ ಅರವತ್ತು ಅಂತ ನಾವು ಹೆಂಗೆ ಎಣಿಸೋದು ತಾಯಿ" ಅಂದ್ರು ಹಿಂದೆ ಕೂತಿದ್ದ ಅಜ್ಜ ಒಬ್ರು. ನಂಗೂ ಆ ಲೆಕ್ಕದ ಮೇಲೆ ಅಷ್ಟು ಪ್ರೀತಿ ಇಲ್ಲ. ನಮ್ಮ ಕನ್ನಡದಲ್ಲಿ 'ಮನೆಯಲ್ಲಿರುವವರೆಲ್ಲರಿಗೂ' ಅನ್ನೋದು ಒಂದೇ ಪದ, 'ನಾಯಿ'ನೂ ಒಂದು ಪದ. ಮೊಬೈಲ್ ಸ್ಟಾಪ್‌ವಾಚ್ ಇಟ್ಟು ಓದ್ಸಿ ನೋಡಿದೀನಿ, ಮಕ್ಕಳು ರೇಸ್ ಅನ್ಕೊಂಡು ಓಡ್ತಾರೆ, ಏನು ಓದ್ದೆ ಅಂದ್ರೆ ಗೊತ್ತಿಲ್ಲ. ಅದಕ್ಕೆ ಅವ್ರಿಗೆ ಹೇಳ್ದೆ, ಎಣಿಸಬೇಡಿ, ಮಗು ಓದ್ಲಿ, ನೀವು ಕಣ್ಮುಚ್ಚಿ ಕೇಳಿ, ಕೇಳಿದ್ದು ನಿಮಗೆ ಅರ್ಥ ಆದ್ರೆ ಅದು ಸರಿಯಾಗಿ ಓದ್ತಿದೆ ಅಂತ. ಬಿಡಿ ಬಿಡಿ ಅಕ್ಷರ ಕೂಡಿಸ್ಕೊಂಡು ಓದ್ತಿದ್ರೆ ನಿಮಗೆ ಅರ್ಥ ಆಗಲ್ಲ. ಓದು ಬರದ ತಾಯೀನೂ ಈ ಪರೀಕ್ಷೆ ಮಾಡ್ಬೋದು. ಡೇರಿ ಹುಡುಗನ ತಾಯಿಗೆ ಇನ್ನೊಂದು ಹೇಳ್ದೆ, ಡೇರಿ ಚೀಟಿ ಅವನ ಕೈಲೇ ಓದ್ಸಿ, ಮೂರೂವರೆ ಲೀಟರ್ ಎಲ್ಲಿದೆ, ಬಟವಾಡೆ ದಿನ ಎಷ್ಟಾಯ್ತು, ಅವನೇ ಕೂಡಿ ಹೇಳ್ಲಿ. ದಶಮಾಂಶ ನಾನು ಹೇಳ್ಕೊಡೋಕೆ ಮುಂಚೆನೇ ಅವನಿಗೆ 3.5 ಅಂದ್ರೆ ಮೂರೂವರೆ ಅಂತ ಗೊತ್ತಿತ್ತು.

ಡಿಸೆಂಬರ್ ಹೊತ್ತಿಗೆ ನಾಲ್ಕನೇ ಕ್ಲಾಸಲ್ಲಿ ನಾಲ್ಕು ಜನ ಪ್ಯಾರಾ ಓದೋ ಹಂಗಾದ್ರು. ಐದನೇ ಕ್ಲಾಸಿನ ಐದೂ ಜನ ಕತೆ ಓದಿದ್ರು, 612 ಕೂಡ ಸರಿಯಾಯ್ತು. ನಾಲ್ಕನೇ ಕ್ಲಾಸಿನ ಒಬ್ಬ ಮಾತ್ರ ಎಷ್ಟು ಮಾಡಿದ್ರೂ ಅಕ್ಷರ ತಿರುವುಮುರುವು, ಅವನ ವಿಷಯ ಬೇರೆ ಅನ್ನಿಸಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಅಂತ ಮನೆಯವ್ರಿಗೆ ಹೇಳಿದ್ವಿ, ಕಣ್ಣಿಂದ ಶುರು ಮಾಡಿ ಅಂತ. ಕಣ್ಣಿಗೆ ಕನ್ನಡಕ ಬಂತು, ಅರ್ಧ ಸಮಸ್ಯೆ ಅಲ್ಲೇ ಹೋಯ್ತು, ಉಳಿದರ್ಧ ಹಂಗೇ ಇದೆ.

ಯಾದಗಿರಿ ಹುಡುಗಿ ಒತ್ತಕ್ಷರಕ್ಕೆ ಬರೋ ಹೊತ್ತಿಗೆ ಶುಂಠಿ ಕಿತ್ತು ಮುಗೀತು. ಜನವರೀಲಿ ಒಂದು ಸೋಮವಾರ ಬರ್ಲಿಲ್ಲ, ಶೆಡ್ ಖಾಲಿ. ಟಿಸಿನೂ ತಗೊಂಡಿರ್ಲಿಲ್ಲ. ಯಾವ ಊರಲ್ಲಿ ಯಾವ ಟೀಚರ್ ಅವಳನ್ನ ಐದನೇ ಕ್ಲಾಸಲ್ಲಿ ಕೂರಿಸ್ಕೊಂಡು, ನಾಲ್ಕನೇದರ ಪಟ್ಟಿ ಇಟ್ಕೊಂಡು ಪೇಪರ್ ಕೊಡ್ತಾರೋ. ಕಾಗುಣಿತ ಮುಗಿದಿದೆ, ಒತ್ತಿಂದ ಶುರು ಮಾಡಿ ಅಂತ ಒಂದು ಚೀಟಿ ಬರ್ದು ಅವಳ ಬ್ಯಾಗಲ್ಲಿ ಇಟ್ಟಿದ್ರೂ ಆಗ್ತಿತ್ತು, ನಂಗೆ ಹೊಳೀಲಿಲ್ಲ.

ಮುಂದಿನ ವರ್ಷ ಅಲ್ಲಿಗೇ ಮತ್ತೆ ಆರ್ಡರ್ ಸಿಕ್ತು. ಅದೇ ಫೈಲು, ಅದೇ ಫಾರ್ಮ್ಯಾಟು. ಈ ಸಲ ಪೇಪರ್ ಮಾಡೋ ಗೋಜಿಗೆ ಹೋಗದೆ ಮೊದಲನೇ ದಿನವೇ ಚಾಪೆ ಹಾಸ್ದೆ. ಫಾರ್ಮಲ್ಲಿ ಹಿಂದಿನ ತರಗತಿಯ ಸಾಮರ್ಥ್ಯ ಅಂತ ಒಂದೇ ಕಾಲಂ ಇತ್ತು, ಅದರ ಪಕ್ಕ ಸ್ಕೇಲಲ್ಲಿ ಗೆರೆ ಎಳ್ದು ಇನ್ನೊಂದು ಕಾಲಂ ಮಾಡಿ, ಯಾವ ಕ್ಲಾಸಿಂದ ಬಿಟ್ಟುಹೋಗಿದೆ ಅಂತ ಬರ್ಕೊಂಡೆ. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋರು) ಬಂದೋರು ಇದೇನ್ ಮೇಡಂ ಹೊಸದು ಅಂದ್ರು. ನಾನು ಹೇಳೋಕೆ ಮುಂಚೆ ಮೇಷ್ಟ್ರೇ "ಅಲ್ಲಿಂದ ಶುರು ಮಾಡಿದೀವಿ ಸಾರ್" ಅಂತ ಟೀ ಕೊಟ್ರು. ಹೊರಗೆ ಬಂದ್ರೆ ಅಡುಗೆ ಅಕ್ಕ ಬಾಗಿಲಲ್ಲಿ ನಿಂತಿದ್ರು, ಪೊರಕೆ ಕೈಯಲ್ಲೇ ಹಿಡ್ಕೊಂಡು. "ಮಿಸ್ಸು, ಈ ಸಲ ನಿಮ್ ಕಡ್ಡಿ ನೀವೇ ತಂದ್ಕೊಳಿ."